ಬಿಳಿ ನೀರು

೩೦ ಆಗಸ್ಟ್ ೧೯೭೬, ಸೋಮವಾರ. ಅಕ್ಕಲಕೋಟ

ಬೆಕ್ಕಿನ ಮರಿ ಸತ್ತಿತು. ಮುಂಜಾನೆ ಬಚ್ಚಲ ಬಾಗಿಲಿಗೆ ಅಡ್ಡ, ನಾಲ್ಕೂ ಕಾಲು ಸೆಟೆದುಕೊಂಡು ಬಿದ್ದಿತ್ತು. ಅತ್ತೆ ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ತಿಪ್ಪೆಗೆ ಹಾಕಿ ಬಂದು, “ಏನರ ತಿಂದಿರಬೇಕು, ಬೆಕ್ಕಿನ ಜಾತಿ” ಅಂದರು.

ಏನೂ ತಿಂದಿಲ್ಲ. ನೆಕ್ಕಿದೆ. ಶುಕ್ರವಾರ ಮಲೇರಿಯಾದವರು ಬಂದು ಮನೆಯ ಗ್ವಾಡಿಗೆಲ್ಲ ಸೊಳ್ಳೆ ಸಾಯುವ ಪೌಡರಿನ ನೀರು ಹೊಡೆದು, ಬಾಗಿಲ ಮೇಲೆ ಕಾವಿಯಿಂದ ತಾರೀಖು ಬರೆದು ಹೋದರು. ಒಣಗಿದ ಮೇಲೆ ಕಲ್ಲೆಲ್ಲ ಬೂದಿ ಬಡಿದಂತೆ ಬೆಳ್ಳಗಾಗಿ, ಮನೆ ತುಂಬ ಹಳಸಿದ ನಾತ. ಮರಿ ಗ್ವಾಡಿಗೆ ಮೈ ತಿಕ್ಕುವುದು, ಆಮೇಲೆ ಕೂತು ಮೈ ನೆಕ್ಕುವುದು, ನಾನೇ ಕಣ್ಣಾರೆ ನೋಡಿದ್ದೇನೆ.

ನನ್ನ ಕೂಸು ರೇವಿ ಈಗ ಗ್ವಾಡಿ ಹಿಡಿದು ನಿಲ್ಲುತ್ತಾಳೆ. ನಿಂತು ಗ್ವಾಡಿ ನೆಕ್ಕುತ್ತಾಳೆ.

ಇದನ್ನು ಬಾಯಿಬಿಟ್ಟು ಯಾರಿಗೂ ಹೇಳಿಲ್ಲ. ಬರೆಯಲಿಕ್ಕಾದರೂ ಧೈರ್ಯ ಇದೆ, ಯಾಕೆಂದರೆ ಈ ಮನೆಯಲ್ಲಿ ಕನ್ನಡ ಓದುವವಳು ನಾನೊಬ್ಬಳೇ. ಇವರು, ನನ್ನ ಗಂಡ, ಮರಾಠಿ ಸಾಲೆಯಲ್ಲಿ ಕಲಿತವರು, ಕನ್ನಡ ಮಾತಾಡುತ್ತಾರೆ, ಓದಲಾರರು. ಅತ್ತೆಗೆ ಓದೇ ಬರುವುದಿಲ್ಲ. ಇಂಡಿ ಊರಿನ ತವರಿನಿಂದ ತಂದ ಪಾತ್ರೆ-ಪಡಗ ಎಲ್ಲ ಇವರ ಮನೆಯವೇ ಆಗಿಹೋದವು, ಅಕ್ಷರ ಮಾತ್ರ ನನ್ನವಾಗಿ ಉಳಿದಿವೆ.

೨ ಸೆಪ್ಟೆಂಬರ್, ಗುರುವಾರ

ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಆ ಮರಿಯ ಕಾಲು.

ಇವತ್ತು ಪಡಸಾಲೆಯ ಗ್ವಾಡಿಯನ್ನು ಕೂಸಿನ ಕೈಗೆ ಎಟುಕುವಷ್ಟು ಎತ್ತರ ಒದ್ದೆ ಅರಿವೆಯಿಂದ ಒರೆಸಿದೆ. ಒರೆಸಿದಷ್ಟೂ ಪೌಡರು ಕಲ್ಲಿನ ಸಂದಿಗೆ ಹೋಗಿ ಕೂತಿತು. ಒಣಗಿದ ಮೇಲೆ ಮತ್ತೆ ಬೆಳ್ಳಗೆ. ಅತ್ತೆ ಅಕ್ಕಿ ಆರಿಸುತ್ತ ಕೂತವರು, “ನಿಮ್ಮಪ್ಪ ಸುಮ್ಮನ ರೊಕ್ಕಾ ಹಾಕಿ ಬಿ.ಎ. ಮಾಡಿಸಿದ. ಗ್ವಾಡಿ ಒರಸಾಕ ನಾಕನೇ ಇಯತ್ತೆ ಸಾಕಿತ್ತಲ್ಲಾ” ಅಂದರು. ಆಮೇಲೆ ರೇವಿಯನ್ನು ತೊಡೆಯ ಮೇಲೆ ಎಳೆದುಕೊಂಡು, “ಏನ್ರಿ ಅತ್ತಿಯವರ, ನಿಮ್ಮ ಮೊಮ್ಮಗನ ಹೇಣ್ತಿ ಹಿಂಗ್ಯಾಕ ಮಾಡತಾಳ?” ಅಂತ ಕೇಳಿದರು.

ಕೂಸಿಗೆ ಇಟ್ಟದ್ದು ಇವರ ಅಜ್ಜಿಯ ಹೆಸರು, ರೇವಮ್ಮ. ಅದು ಅತ್ತೆಗೆ ಅವರ ಅತ್ತೆಯ ಹೆಸರು, ಬಾಯಲ್ಲಿ ತಗೊಳ್ಳುವಂತಿಲ್ಲ. ಹೀಗಾಗಿ ಉಚ್ಚೆ ಹೊಯ್ದ ಕೂಸಿಗೂ ‘ಅತ್ತಿಯವರ’ ಅಂತ ಬಹುವಚನ. ಬೇರೆ ದಿನವಾದರೆ ನಗು ಬರುತ್ತಿತ್ತು.

ಮಧ್ಯಾಹ್ನ ಕೂಸು ಎರಡು ಸಲ ಕೆಮ್ಮಿತು.

೫ ಸೆಪ್ಟೆಂಬರ್, ರವಿವಾರ

ಇವರು ನಿನ್ನೆ ಸಂಜೆ ಸೊಲ್ಲಾಪುರದಿಂದ ಬಂದರು. ವಾರವೆಲ್ಲ ಅಲ್ಲಿ ನೂಲಿನ ಅಂಗಡಿಯಲ್ಲೇ ಇದ್ದು ಶನಿವಾರ ಬರುವುದು ಪದ್ಧತಿ. ಬೆಕ್ಕಿನ ಸುದ್ದಿ, ಕೆಮ್ಮಿನ ಸುದ್ದಿ, ಗ್ವಾಡಿಯ ಸುದ್ದಿ ಎಲ್ಲ ಒಂದೇ ಉಸಿರಿಗೆ ಹೇಳಿದೆ. “ನಿನ್ನ ತಲ್ಯಾಗ ಬಿ.ಎ. ಹೊಕ್ಕೈತಿ, ಅದಕ್ಕ ನಿದ್ದಿ ಹೊರಗ ಬಿದ್ದೈತಿ” ಅಂದರು. ನನಗೆ ಅಳು ಬಂತು. ಆಗ ಸ್ವಲ್ಪ ಗಾಬರಿಯಾಗಿ, ಸೊಲ್ಲಾಪುರದಲ್ಲಿ ಅಕ್ಕಲಕೋಟ ರಸ್ತೆಯ ಮೇಲೆ ಕಾರ್ಖಾನೆಗಳಿರುವ ಎಂಐಡಿಸಿಯಲ್ಲಿ ಒಬ್ಬ ತುಕಾರಾಮ ಇದ್ದಾನೆ ಅಂತ ಹೇಳಿದರು. ಲಾರಿ ತೊಳೆಯುವವನು. ಅವನ ಹತ್ತಿರ ಡಿಝೇಲಿನ ಪಂಪು ಇದೆ. ಪೈಪಿನ ತುದಿಗೆ ಹಿತ್ತಾಳೆಯ ಮೂತಿ. ಅದರಿಂದ ನೀರು ಬಾಣದಂತೆ ಹೊಡೆಯುತ್ತದಂತೆ. ಈಗ ಲಾರಿ ಬಿಟ್ಟು ಗೋದಾಮು, ಸಾಹುಕಾರರ ಬಂಗಲೆಯ ಗ್ವಾಡಿಗಳನ್ನೂ ತೊಳೆಯುತ್ತಾನೆ. ಇವರ ಅಂಗಡಿಯ ಗೋದಾಮಿನ ಹತ್ತು ವರ್ಷದ ಮಸಿ ಒಂದು ಹೊತ್ತಿನಲ್ಲಿ ಹೋಯಿತಂತೆ.

“ಎಷ್ಟು ತಗೋತಾನ?” ಅಂದೆ.

“ಬ್ರಾಸಿಗೆ ಎಂಟು ರೂಪಾಯಿ. ಡಿಝೇಲ್ ಅವಂದು, ನೀರು ನಮ್ದು. ಟೆಂಪೋ ಬಾಡಿಗಿ ಬ್ಯಾರೆ. ಎರಡನೇ ಸಲ ಹೊಡಿ ಅಂದ್ರ ಅರ್ಧಾ ರೇಟು.”

ಬ್ರಾಸ್ ಅಂದರೆ ನೂರು ಚೌರಸ ಫೂಟು. ಪಡಸಾಲೆ, ಅಂಗಳ, ಹಿಂದಿನ ಖೋಲಿ ಹಿಡಿದರೆ ಒಂದು ತಿಂಗಳ ಸಂತೆಯ ಖರ್ಚೇ ಆಗುತ್ತದೆ. ಆಗಲಿ. ಹೇಗೂ ಇನ್ನೇನು ನವರಾತ್ರಿ ಬಂತು, ಘಟ ಕೂಡಿಸುವ ಮೊದಲು ಊರೆಲ್ಲ ಕೌದಿ ಒಗೆಯುತ್ತದೆ, ಮನೆ ಸಾರಿಸುತ್ತದೆ, ನಮ್ಮದು ಸ್ವಲ್ಪ ಜೋರಾಗಿ ಅಂದುಕೊಂಡರಾಯಿತು. ಇವರು ಹ್ಞೂಂ ಅನ್ನುವವರೆಗೆ ನಾನು ಊಟ ಮಾಡಲಿಲ್ಲ.

೯ ಸೆಪ್ಟೆಂಬರ್

ಕೂಸು ಹಾಲು ಕಾರಿತು. ಒಂದೇ ಸಲ. ಅದರ ಬಾಯಿ ಮೂಸಿ ನೋಡಿದೆ. ಆ ನಾತ ಬಂತೋ, ನನ್ನ ಮೂಗಿನಲ್ಲೇ ಕೂತಿದೆಯೋ. ಕೂಸನ್ನು ನೆಲಕ್ಕೆ ಬಿಡುತ್ತಿಲ್ಲ. ಟೊಂಕ ಸೋತಿದೆ.

೧೩ ಸೆಪ್ಟೆಂಬರ್, ಸೋಮವಾರ

ತೊಳೆಸಿದೆ! ಮನೆ ತೊಳೆದಾಯಿತು.

ತುಕಾರಾಮ ಮುಂಜಾನೆಯೇ ಟೆಂಪೋದಲ್ಲಿ ಪಂಪು ಹೇರಿಕೊಂಡು ಬಂದ. ಕುತ್ತಿಗೆಗೆ ಕೆಂಪು ರುಮಾಲು, ಬಾಯಲ್ಲಿ ತಂಬಾಕು. ಪೈಪನ್ನು ಅಂಗಳದ ಬಾವಿಗೆ ಇಳಿಬಿಟ್ಟು, ಸುತ್ತಲೂ ನೋಡಿ, “ವೈನಿ, ಭಿಂತ ಕಶಾಚಿ? ಗ್ವಾಡಿ ಯಾತರದು? ಒಳಗ ಮಣ್ಣ-ಗಿಣ್ಣ ಇದ್ರ ಈಗ್ಲೇ ಹೇಳ್ರಿ. ಮಣ್ಣಿನ ಗ್ವಾಡಿಗೆ ನಾ ಮಷೀನ್ ಹಚ್ಚಂಗಿಲ್ಲ” ಅಂದ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಪಡಸಾಲೆಯಿಂದ ಎದ್ದು ಬಂದರು. “ಮಣ್ಣಂತ ಮಣ್ಣು! ಈ ಓಣ್ಯಾಗ ಯಾರನ್ನರ ಕೇಳು, ಸುಗಲಾಬಾಯಿ ಮನಿ ಯಾವುದು ಅಂತ. ಕಲ್ಲಿನ ಮನಿ ಅಂತಾರ. ನಮ್ಮ ಮಾವನವರು ಮೈಂದರ್ಗಿಯಿಂದ ಚಕ್ಕಡಿ ಮ್ಯಾಲ ಕಲ್ಲ ತರಿಸಿ ಕಟ್ಟಿಸ್ಯಾರ. ಪೂರಾ ಕಲ್ಲು. ಸುಣ್ಣಾ ಹಚ್ಚಂಗಿಲ್ಲ ನಾವು, ಕಲ್ಲ ಕಾಣಬೇಕಂತ.”

“ಝಾಲಂ ತರ್, ಆತು ಬಿಡ್ರಿ” ಅಂದ ತುಕಾರಾಮ, ಪಂಪು ಚಾಲೂ ಮಾಡಿದ.

ಆ ಸಪ್ಪಳಕ್ಕೆ ರೇವಿ ಚೀರಿದಳು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ನೀರು ಬಡಿದಲ್ಲಿ ಕಲ್ಲು ನಿನ್ನೆ ಕಡಿದು ತಂದಂತೆ ಕರ್ರಗೆ ಹೊಳೆಯಿತು. ಅಂಗಳ, ಪಡಸಾಲೆ ಮುಗಿಸಿ ಹಿಂದಿನ ಖೋಲಿಗೆ ಬಂದ. ದೇವರ ಜಗಲಿ, ಅತ್ತೆಯ ಮಂಚ ಇರುವ ಖೋಲಿ. ಮಂಚ ಹೊರಗಿಟ್ಟು, ಜಗಲಿಗೆ ತಾಡಪತ್ರಿ ಮುಚ್ಚಿ, ಒಳಮೈ ಹೊರಮೈ ಎರಡೂ ಹೊಡೆದ.

ಅಲ್ಲಿ ನೋಡಿದೆ ವಿಷ ಎಷ್ಟಿತ್ತು ಅಂತ. ಕಲ್ಲಿನ ಸಂದಿಯಿಂದ ನೀರು ಹಾಲಿನಂತೆ ಬೆಳ್ಳಗೆ ಸುರಿಯಿತು! ನೆಲದ ಮೇಲೆ ಹರಿದು, ಹೊಸ್ತಿಲು ದಾಟಿ, ಅಂಗಳದ ಮೋರಿಯವರೆಗೆ ಬಿಳೀ ಹೊಳೆ. ಇಷ್ಟು ದಿನ ನನ್ನ ಕೂಸು ಇದರ ನಡುವೆ ಉಸಿರಾಡಿತಲ್ಲ ಅಂತ ಅದನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡೆ. ಹೋಗುತ್ತಿದೆಯಲ್ಲ ಅಂತ ಸಂತೋಷವೂ ಆಯಿತು. ಇನ್ನೊಮ್ಮೆ ಹೊಡಿ ಅಂದೆ. ಹೊಡೆದ. ಮತ್ತೂ ಬಿಳಿ. “ವೈನಿ, ಅರ್ಧಾ ರೇಟು ಕೂಡತೈತಿ ಹ್ಞಾಂ” ಅಂದ. ಕೂಡಲಿ, ನೀರು ತಿಳಿಯಾಗುವವರೆಗೆ ಹೊಡಿ ಅಂದೆ.

ಅತ್ತೆ ನನ್ನ ರಟ್ಟೆ ಹಿಡಿದು, “ಸಾಕು. ಬಂದ್ ಮಾಡಸು” ಅಂದರು. ರೊಕ್ಕದ ಸಂಕಟ. ನಾನು ಕೇಳಲಿಲ್ಲ. ಅವರು ಒಳಗೆ ಹೋಗಿ ಒಲೆಯ ಮುಂದೆ ಕೂತವರು ತುಕಾರಾಮ ಹೋಗುವವರೆಗೆ ಹೊರಗೆ ಬರಲಿಲ್ಲ. ನೀರು ಕಡೆಗೂ ಪೂರ್ತಿ ತಿಳಿಯಾಗಲಿಲ್ಲ. ಡಿಝೇಲೇ ತೀರಿತು.

೧೪ ಸೆಪ್ಟೆಂಬರ್

ಎದುರು ಮನೆಯ ಗಂಗುಬಾಯಿ ಬಂದು ಗ್ವಾಡಿ ಮುಟ್ಟಿ ಮುಟ್ಟಿ ನೋಡಿದಳು. “ಬಾಯೀ, ಏನ ಹೊಳೀತದವ ನಿಮ್ಮ ಮನಿ! ಎಷ್ಟ ತಗೊಂಡ?” ಬ್ರಾಸಿಗೆ ಎಂಟು, ನೀರು ನಿಮ್ದು ಅಂತ ಎಲ್ಲ ಹೇಳಿದೆ. ಬನಶಂಕರಿ ಹುಣ್ಣಿವಿಗೆ ಮಗಳ ಲಗ್ನ, ಅಷ್ಟರೊಳಗ ನಾವೂ ಕರಸತೀವಿ ಅಂದಳು. ಅತ್ತೆ ಎದ್ದು ಒಳಗೆ ಹೋದರು. ಬೇರೆ ದಿನವಾದರೆ ಕಲ್ಲಿನ ಕಥೆ ಶುರು ಮಾಡುತ್ತಿದ್ದರು.

ರೇವಿಯನ್ನು ನೆಲಕ್ಕೆ ಬಿಟ್ಟೆ. ನೆಕ್ಕಿದಳು. ನೆಕ್ಕಲಿ.

೧೭ ಸೆಪ್ಟೆಂಬರ್, ಶುಕ್ರವಾರ

ಮೂರು ದಿನದಿಂದ ಮಳೆ. ಇವತ್ತು ಹಿಂದಿನ ಖೋಲಿ ಗುಡಿಸಲಿಕ್ಕೆ ಹೋದರೆ ಗ್ವಾಡಿಯ ಬುಡಕ್ಕೆ ಉದ್ದಕ್ಕೂ ಬಿಳಿ ಪುಡಿ. ಹಿಟ್ಟು ಜರಡಿ ಹಿಡಿದಂತೆ. ಮತ್ತೆ ಬಂತು, ಇಷ್ಟು ತೊಳೆಸಿದರೂ ಮತ್ತೆ ಬಂತು.

ಆಮೇಲೆ ಬೆರಳಿಗೆ ಹಚ್ಚಿ ಮೂಸಿದೆ. ಆ ಹಳಸು ನಾತ ಇರಲಿಲ್ಲ. ಉಗುಳು ಹಚ್ಚಿ ತಿಕ್ಕಿದೆ. ಅಂಟಾಯಿತು. ಮಣ್ಣು. ಹಾಳು ದಿಬ್ಬದಲ್ಲಿ ಸಿಗುತ್ತದಲ್ಲ, ಮಾಳಿಗೆಯ ಮೇಲೆ ಹಾಕುವ ಬಿಳಿ ಮಣ್ಣು, ಅದು.

ಅದು ಎಲ್ಲಿಂದ ಬಂತು ಅಂತ ಹುಡುಕಿದೆ. ಕಲ್ಲಿನ ನಡುವಿನ ಗಚ್ಚು ಹಾರಿಹೋಗಿ ಸಂದಿ ಬಾಯಿ ಬಿಟ್ಟಿವೆ. ಒಂದರಲ್ಲಿ ಬೆರಳು ಹಾಕಿದೆ. ಪೂರ್ತಿ ಹೋಯಿತು. ಹಿಂದೆ ಕಲ್ಲು ಸಿಗಲಿಲ್ಲ. ಮೆತ್ತಗೆ, ತಣ್ಣಗೆ, ಒದ್ದೆ.

ಹಾಗಾದರೆ ಅವತ್ತು ಹರಿದದ್ದು ಪೌಡರಲ್ಲ. ಕಲ್ಲು ಈಚೆ ಒಂದು ಸಾಲು, ಆಚೆ ಒಂದು ಸಾಲು, ನಡುವೆ ತುಂಬಿದ್ದು ಮಣ್ಣು. ಗ್ವಾಡಿಯ ಹೊಟ್ಟೆಯೊಳಗಿನ ಮಣ್ಣನ್ನು ನಾನು ನಿಂತು, ಇನ್ನೊಮ್ಮೆ ಹೊಡಿ, ಇನ್ನೊಮ್ಮೆ ಹೊಡಿ ಅಂತ ಮೋರಿಗೆ ಹರಿಸಿದೆ.

ಇನ್ನೂ ಮಳೆ ಬರುತ್ತಲೇ ಇದೆ.

೧೮ ಸೆಪ್ಟೆಂಬರ್

ಅತ್ತೆಗೆ ಹೇಳಿದೆ. “ನಮ್ಮ ಮನಿ ಮಣ್ಣಿಂದು ಅಂತಿ? ಓಣ್ಯಾಗ ನಿಂತು ಒದರು ಹೋಗು” ಅಂದರು.

೧೯ ಸೆಪ್ಟೆಂಬರ್, ರವಿವಾರ

ಇವರು ಬಂದಿದ್ದಾರೆ. ತೋರಿಸಿದೆ. ಮುಷ್ಟಿ ಕಟ್ಟಿ ಗ್ವಾಡಿಗೆ ಗುದ್ದಿದರು. “ಎರಡ ಫೂಟ ದಪ್ಪ ಐತಿ. ಹೋದ ವಾರ ಪೌಡರು, ಈ ವಾರ ಗ್ವಾಡಿ. ಮುಂದಿನ ವಾರ ಏನು, ಆಕಾಶ ಕಳಚಿ ಬೀಳತೈತೇನು?” ಅಂದರು. ಅವರು ಗುದ್ದಿದಾಗ ಒಳಗೆ ಏನೋ ಸರ್‍ರನೆ ಇಳಿಯಿತು. ಜೋಳದ ಚೀಲಕ್ಕೆ ತೂತು ಬಿದ್ದಾಗ ಬರುವ ಸಪ್ಪಳ. ಕೇಳಿಸಿತೇ ಅಂದೆ. ಮಳೆ ಸಪ್ಪಳ ಅಂದರು.

ಅವರು ಹೇಳುವುದೂ ಸುಳ್ಳಲ್ಲ. ಪೌಡರಿನ ವಿಷಯದಲ್ಲಿ ನಾನೇ ಇಷ್ಟೆಲ್ಲ ಮಾಡಿದವಳು. ನನ್ನ ಅಂಜಿಕೆಯ ಮಾತು ಯಾರು ಕೇಳುತ್ತಾರೆ? ನಾನೇ ಕೇಳಬೇಕೋ ಬೇಡವೋ ತಿಳಿಯದು. ಹೊಸ ಟಾನಿಕ್ಕಿನ ಬಾಟಲಿ ಕೊಟ್ಟಿದ್ದಾರೆ, ಊಟದ ನಂತರ ಎರಡು ಚಮಚೆ. ಸಂಜೆಯ ಬಸ್ಸಿಗೆ ಹೋದರು. ದಸರೆಗೆ ಗಿರಾಕಿ ಹೆಚ್ಚು, ಬರುವ ಶನಿವಾರ ಆಗುವುದಿಲ್ಲವಂತೆ.

೨೦ ಸೆಪ್ಟೆಂಬರ್

ಮಧ್ಯಾಹ್ನ ಕೂಸು ಮಲಗಿದಾಗ ನೀರು ಕುಡಿಯಲಿಕ್ಕೆ ಎದ್ದೆ. ಹಿಂದಿನ ಖೋಲಿಯ ಬಾಗಿಲು ಅರೆ ಮುಚ್ಚಿತ್ತು. ಅತ್ತೆ ನೆಲದ ಮೇಲೆ ಕೂತು, ಎಲೆಅಡಿಕೆಯ ಸುಣ್ಣದ ಡಬ್ಬಿ ಪಕ್ಕಕ್ಕಿಟ್ಟುಕೊಂಡು, ಹಳೇ ಸೀರೆಯ ಚಿಂದಿಯನ್ನು ಸುಣ್ಣದಲ್ಲಿ ಅದ್ದಿ ಅದ್ದಿ ಸಂದಿಗೆ ತುರುಕುತ್ತಿದ್ದರು. ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಒಂದು ಮುಗಿಸಿ, ಅದರ ಮೇಲಿನದಕ್ಕೆ ಕೈ ಚಾಚಿದರು. ಅಲ್ಲಿಂದ ಮಣ್ಣು ಅವರ ತಲೆಯ ಮೇಲೆ ಉದುರಿತು.

ನಾನು ನೀರು ಕುಡಿಯದೆ ವಾಪಸ್ಸು ಬಂದು ಮಲಗಿದೆ.

ಅವರಿಗೆ ಮೊದಲೇ ಗೊತ್ತು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಗೊತ್ತಿರಬೇಕು. ತುಕಾರಾಮನಿಗೆ ಪೂರಾ ಕಲ್ಲು ಅಂದಾಗಲೂ ಗೊತ್ತು.

೨೧ ಸೆಪ್ಟೆಂಬರ್, ಮಂಗಳವಾರ

ನಾನೂ ಕೂಸೂ ಮಲಗುವುದು ಪಡಸಾಲೆಯಲ್ಲಿ. ಗ್ವಾಡಿ ಬಿದ್ದರೂ ಇಲ್ಲಿಗೆ ಮುಟ್ಟುವುದಿಲ್ಲ. ಅತ್ತೆಯ ಮಂಚ ಇರುವುದು ಆ ಗ್ವಾಡಿಗೇ ಹತ್ತಿ. ತಲೆ ಅದರ ಕಡೆ. ಹಗಲೆಲ್ಲ ಏನಾದರೂ ನೆಪ ಹೂಡಿ ಆ ಖೋಲಿಗೆ ಹೋಗುತ್ತೇನೆ. ಕಲ್ಲು ನಡುಮಟ್ಟದಲ್ಲಿ ಹೊಟ್ಟೆ ಬಂದಿದೆ, ತುಂಬಿದ ಬಸುರಿಯಂತೆ. ನಿನ್ನೆಗಿಂತ ಇವತ್ತು ಜಾಸ್ತಿ. ಮಂಚ ಈಚೆಗೆ ಎಳೆಯಲೇ ಅಂದೆ. “ನಾ ಈ ಮನಿಗೆ ಬಂದಾಗಿಂದ ಅಲ್ಲೇ ಮಲಗೀನಿ. ಈಗ ಹೊರಗ ಬಂದ್ರ ಮಂದಿ ಯಾಕ ಅಂತಾರ” ಅಂದರು. ಯಾಕ ಅಂದರೆ ಏನು ಹೇಳಬೇಕು, ಅದೇ ಸಂಕಟ.

ಶುಕ್ರವಾರ ಘಟ. ಹೊಲದ ಮಣ್ಣು ಹರವಿ, ಕಾಳು ಬಿತ್ತಿ, ನಡುವೆ ಗಡಿಗೆ ಕೂಡಿಸಿ, ಮಗ್ಗುಲಿಗೆ ದೀಪ. ಒಂಬತ್ತು ದಿನ ಆ ದೀಪ ಆರಬಾರದು, ಘಟ ಅಲುಗಬಾರದು, ಮನೆಯ ಹಿರೇ ಹೆಂಗಸು ಅದನ್ನು ಬಿಟ್ಟು ಏಳಬಾರದು. ಕೂಡಿಸುವುದು ಹಿಂದಿನ ಖೋಲಿಯ ಜಗಲಿಯಲ್ಲಿ. ಒಮ್ಮೆ ಕೂಡಿಸಿದರೆ ಮುಗಿಯಿತು. ಆಮೇಲೆ ಅತ್ತೆಯನ್ನು ಅಲ್ಲಿಂದ ಎಬ್ಬಿಸುವ ಶಕ್ತಿ ಆ ದೇವಿಗೂ ಇಲ್ಲ.

ರಾತ್ರಿ ಅವರ ಕೆಮ್ಮು ಕೇಳುತ್ತ ಮಲಗಿರುತ್ತೇನೆ. ಕೆಮ್ಮಿದರೆ ಜೀವ ಬಂದಂತೆ. ಸುಮ್ಮನಾದರೆ ಎದ್ದು ಕೂಡುತ್ತೇನೆ.

ರೇವಿಯ ಬಗ್ಗೆ ಏನೂ ಬರೆಯಲಿಲ್ಲ. ಚೆನ್ನಾಗಿದ್ದಾಳೆ.

೨೨ ಸೆಪ್ಟೆಂಬರ್, ಬುಧವಾರ

ಗಂಗುಬಾಯಿ ಹೂಬತ್ತಿ ಹೊಸೆಯಲಿಕ್ಕೆ ಬಂದು ಕೂತಿದ್ದಳು. ಓಣಿಯ ಇನ್ನಿಬ್ಬರೂ ಇದ್ದರು. ಇವತ್ತಲ್ಲದೆ ಇನ್ನೆಂದೂ ಆಗುವುದಿಲ್ಲ ಅನ್ನಿಸಿತು. ಎಲ್ಲರೆದುರು ಅತ್ತೆಗೆ ಹೇಳಿದೆ, “ಅತ್ತಿ, ನನಗ ಭಾಳ ಅಂಜಿಕಿ ಬರಾಕತ್ತೈತಿ. ಕತ್ತಲಾದ ಕೂಡಲೇ ಎದಿ ಹಾರತದ. ಈ ಸಲ ಘಟ ಪಡಸಾಲ್ಯಾಗ ಕೂಡಸ್ರಿ. ರಾತ್ರಿ ಪೂರ್ತಿ ದೀಪ ಇರತದ, ನೀವೂ ನನ್ನ ಮಗ್ಗಲಕ್ಕ ಇರತೀರಿ.”

ಗಂಗುಬಾಯಿ ಬತ್ತಿ ಕೆಳಗಿಟ್ಟು ನಕ್ಕಳೇ ನಕ್ಕಳು. “ಅಯ್ಯ! ಒಂದ ಕೂಸಿನ ತಾಯಿ! ಇಕಿಗೆ ತೊಟ್ಲಾ ಕಟ್ರಿ ಸುಗಲಾಬಾಯಿ, ತೊಟ್ಲಾ!”

ನನ್ನ ಕಿವಿ ಬಿಸಿಯಾದವು. ಕಾಲೇಜಿನಲ್ಲಿ ಭಾಷಣ ಮಾಡಿ ಕಪ್ಪು ಗೆದ್ದವಳು ನಾನು. ನಾಳೆ ಊರೆಲ್ಲ ಹೇಳಿಕೊಂಡು ನಗುತ್ತದೆ.

ಅತ್ತೆ ನಗಲಿಲ್ಲ. ನನ್ನನ್ನೇ ನೋಡಿದರು. ಬಹಳ ಹೊತ್ತು ನೋಡಿದರು. ಅವರ ಹೆಬ್ಬೆರಳಿನ ಉಗುರಿನಲ್ಲಿ ಸುಣ್ಣ ಇನ್ನೂ ಇತ್ತು. ನಾನು ಅದನ್ನು ನೋಡಿದ್ದು ಅವರಿಗೆ ಕಂಡಿತು. ಸೆರಗಿನೊಳಗೆ ಕೈ ಮುಚ್ಚಿಕೊಂಡರು.

“ಅಂಜುಬುರುಕಿ” ಅಂದರು. ಗಂಗುಬಾಯಿಯ ಕಡೆ ತಿರುಗಿ, “ಏನ ಮಾಡೂದವ್ವಾ. ಇಂಥಾ ಸೊಸಿ ಸಿಕ್ಕಾಳ. ಇಕಿ ಸಲುವಾಗಿ ದೇವಿನೇ ಹೊರಗ ಬರಬೇಕಾತು” ಅಂದರು.

೨೪ ಸೆಪ್ಟೆಂಬರ್, ಶುಕ್ರವಾರ

ಘಟ ಕೂಡಿತು, ಪಡಸಾಲೆಯಲ್ಲಿ. ಅತ್ತೆಯ ಹಾಸಿಗೆ ದೀಪದ ಈಚೆ, ನನ್ನದು ಅದರ ಈಚೆ, ನಡುವೆ ರೇವಿ. ಮಂಚ ಮಾತ್ರ ಅಲ್ಲೇ ಇರಲಿ, ಬರಿದಾಗಿ, ಅಂದರು. ಓಣಿಯ ಹೆಂಗಸರು ಬಂದು ನಮಸ್ಕಾರ ಮಾಡಿ ನನ್ನನ್ನು ನೋಡಿ ನಗುತ್ತ ಹೋಗುತ್ತಿದ್ದಾರೆ. ಹಿಂದಿನ ಖೋಲಿಯ ಚಿಲಕ ಹಾಕಿದ್ದೇನೆ. ಅತ್ತೆ ನೋಡಿದರು, ತೆಗೆಯಲಿಲ್ಲ.

೨೬ ಸೆಪ್ಟೆಂಬರ್

ಮಳೆ. ಒಳಗೆ ಆ ಸರ್‍ ಸರ್‍ ಸಪ್ಪಳ ಇಲ್ಲಿಗೂ ಕೇಳುತ್ತದೆ. ಅತ್ತೆಗೂ ಕೇಳುತ್ತದೆ. ದೀಪಕ್ಕೆ ಎಣ್ಣೆ ಹಾಕುವ ಕೈ ಅಲ್ಲಿಯೇ ನಿಲ್ಲುತ್ತದೆ. ಘಟದಲ್ಲಿ ಮೊಳಕೆ ಬಂದಿದೆ.

೨೯ ಸೆಪ್ಟೆಂಬರ್, ಬುಧವಾರ

ಗ್ವಾಡಿ ಬಿತ್ತು.

ಹಿಂದಿನ ಖೋಲಿಯ ಒಳಗಿನ ಸಾಲು ಪೂರ್ತಿ. ಮಾಳಿಗೆ ಕಂಬ-ತೊಲೆಯ ಮೇಲೆ ನಿಂತಿದೆ, ಅದು ಉಳಿಯಿತು. ಮಂಚ ಕಾಣುವುದೇ ಇಲ್ಲ. ಕಲ್ಲು, ಕಲ್ಲಿನ ಮೇಲೆ ಬಿಳಿ ಮಣ್ಣಿನ ರಾಡಿ. ಒಂದು ಕಡೆ ಮಂಚದ ಒಂದು ಕಾಲು ಮೇಲೆದ್ದು ನಿಂತಿದೆ, ಅಷ್ಟೇ.

ಮುಂಜಾನೆ ಓಣಿಯೆಲ್ಲ ನೆರೆಯಿತು. ಗಂಗುಬಾಯಿ ಬಾಯಿಗೆ ಸೆರಗು ಹಚ್ಚಿಕೊಂಡು, “ಒಳಗ ಪೂರಾ ಮಣ್ಣ ಐತೆಲ್ಲಾ ಸುಗಲಾಬಾಯಿ!” ಅಂದಳು. ಈಗ ಅತ್ತೆ ಏನನ್ನುತ್ತಾರೋ ಅಂತ ನನಗೆ ಜೀವ ಹಾರಿತು. ಇಷ್ಟು ಕಾಲ ಕಾಪಾಡಿಕೊಂಡು ಬಂದದ್ದು ಎಲ್ಲರ ಕಣ್ಣ ಮುಂದೆ ಬಿದ್ದಿತ್ತು.

ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಹೇಳಿದರು. “ಮಣ್ಣೇ. ನಿಮ್ಮನ್ಯಾಗೂ ಅದೇ ಐತಿ, ನಿಮ್ಮ ಮಾವಾ ನಮ್ಮ ಮಾವಾ ಒಬ್ಬನ ಹತ್ರನೇ ಕಟ್ಟಿಸ್ಯಾರ. ಆ ತುಕಾರಾಮನ್ನ ಕರಸತೀನಿ ಅಂದಿದ್ದಿ ಹೌದಿಲ್ಲೋ? ರೇಟು ನನ್ನ ಕೇಳು. ಬ್ರಾಸಿಗೆ ಎಂಟು ರೂಪಾಯಿ. ನೀರು ನಿಮ್ದು. ಗ್ವಾಡಿನೂ ನಿಮ್ದು.”

ಗಂಗುಬಾಯಿ ತನ್ನ ಮನೆಯ ಕಡೆ ತಿರುಗಿ ನೋಡಿದಳು. ಆಮೇಲೆ ಯಾರೂ ನಗಲಿಲ್ಲ. ನನ್ನನ್ನು ನೋಡಿಯೂ ನಗಲಿಲ್ಲ.

ಇವರಿಗೆ ತಂತಿ ಕಳಿಸಿದ್ದೇವೆ. ಉಳಿದ ಮೂರು ಗ್ವಾಡಿಗಳನ್ನೂ ನೋಡಬೇಕು, ಮಳೆ ನಿಲ್ಲುವವರೆಗೆ ಆಸರೆಗೆ ಬೊಂಬು ಕೊಡಿಸಬೇಕು. ಇವರು ಬರುವ ದಾರಿ ಕಾಯುವುದಿಲ್ಲ, ನಾಳೆ ಮುಂಜಾನೆಯೇ ಗ್ವಾಡಿ ಕಟ್ಟುವ ಗವಂಡಿಯನ್ನು ಕರೆಸುತ್ತೇನೆ.

ಬಂದವರೆಲ್ಲ ಕೇಳಿದ್ದು ಒಂದೇ. ಎಷ್ಟೊತ್ತಿಗೆ ಬಿತ್ತು, ಸಪ್ಪಳ ಹೆಂಗಿತ್ತು, ಎಷ್ಟು ಅಂಜಿದಿ. ನನಗೆ ಹೇಳಲಿಕ್ಕೆ ನಾಚಿಕೆ. ನನಗೆ ಗೊತ್ತಿಲ್ಲ. ಓಣಿಯ ಆ ತುದಿಯವರೂ ಎದ್ದು ಕೂತಿದ್ದರಂತೆ. ನಾನು ಕಣ್ಣು ತೆರೆದಾಗ ಬಿಸಿಲು ಬಂದಿತ್ತು, ರೇವಿ ಅಜ್ಜಿಯ ತೊಡೆಯ ಮೇಲೆ ಕೂತು ರೊಟ್ಟಿಯ ಚೂರು ಚೀಪುತ್ತಿದ್ದಳು.

ನನ್ನನ್ನು ಯಾಕೆ ಎಬ್ಬಿಸಲಿಲ್ಲ ಅಂತ ಅತ್ತೆಯನ್ನು ಕೇಳಿದೆ.

“ಎಬ್ಬಸಬೇಕಂತ ಮಾಡಿದ್ದೆ” ಅಂದರು. “ಅಷ್ಟ ಛಲೋ ಮಲಗಿದ್ದಿ. ಗ್ವಾಡಿ ಏನು, ಬಿದ್ದೇ ಬಿಟ್ಟಿತ್ತಲ್ಲಾ.”